ಪರದೆ ಸಂದ್ಯಾಗ

ನಾನು ನಟ ಅಲ್ಲ. ಪರದೆ ಸಂದ್ಯಾಗ ಬ್ಯಾಟರಿ ಹಿಡಕೊಂಡು
ಮರತವರಿಗೆ ಮಾತು ನೆನಪು ಮಾಡಿ ಕೊಡಾಂವ.
ಹಗಲೆಲ್ಲ ಸಾವಕಾರ ಗುರಸಿದ್ದಪ್ಪ ಮುತ್ತೂರರ ಗಾದಿ ಮ್ಯಾಲೆ
ನೇಕಾರರ ಪಗಾರ ಬರಿಯಾಂವ, ಮುಂಗಡ ಮುರಿಯಾಂವ.

ರಬಕವಿ ಚೌಕದಾಗ ಆ ವರ್ಷ
ಮಗ್ಗದ ಹುಡುಗರ ಕೂಡಿ ಬರದ ನಾಟಕ.
ಹೆಣ್ಣು ಪಾರ್ಟು ಎರಡು ಇದ್ದವು,
ರೊಕ್ಕ ಒಬ್ಬಾಕಿಗಷ್ಟ ಇತ್ತು.
ಗುಳೇದಗುಡ್ಡದಿಂದ ಜೈತುನಬಿ ಬಂದಳು,
ಒಂದು ತಗಡಿನ ಪೆಟ್ಟಿಗಿ, ಒಣ ಕೆಮ್ಮು, ಸಣ್ಣ ಮಗಳು.
"ಎರಡೂ ನಾನ ಮಾಡತೇನಿ" ಅಂದಳು,
"ಸೀರಿ ಬದಲಸಾಕ ಹತ್ತು ಮಿನಿಟು ಕೊಡ್ರಿ."

ಮೊದಲನೇ ಅಂಕ. ಕಂಡಕಿ ಸುತ್ತೋ ಹುಡುಗಿ ಆಕಿ.
ನಾಟಕದ ಸಾವಕಾರ ನೂಲಿನ ಖೋಲಿಗೆ ಕರದು
ಬಾಗಲಾ ಮುಂದ ಮಾಡತಾನ.
ಶಿಳ್ಳೆ. ಚಪ್ಪಾಳೆ. "ಒನ್ಸ್ ಮೋರ್!"
ಮುಂದಿನ ಸಾಲಿನ ಕುರ್ಚ್ಯಾಗ ನಮ್ಮ ಸಾವಕಾರ್ರು
ಎಲಿ ಅಡಕಿ ಮೆಲ್ಲಕೋತ ನಕ್ಕರು,
ಐದು ರೂಪಾಯಿ ನೋಟಿಗೆ ಪಿನ್ನು ಚುಚ್ಚಿ ಆಯೇರಿ ಕಳಿಸಿದರು.
ಅದು ಆಕಿ ಅಳೋ ಸೀನು.
ಅಳಕೋತನ ತೊಗೊಂಡಳು.

ಹತ್ತು ಮಿನಿಟು. ಪೇಟಿ ಮಾಸ್ತರ ಏನೇನೋ ನುಡಿಸಿದ.
ಹರಕ ಸೀರಿ ಮೂಲ್ಯಾಗ ಒಗದು, ನಿರಿಗಿ ಹಲ್ಲಾಗ ಕಚ್ಚಿ
ಆಕಿ ಜರದ ಸೀರಿ ಉಟ್ಟಳು.
ಅದು ಎಲ್ಲಿಂದ ಬಂತು ಅಂತ ಯಾರಿಗೂ ಹೇಳಿರಲಿಲ್ಲ ನಾನು.
ಸಾವಕಾರ್ರ ಹೆಂಡತಿ ನೀಲಗಂಗವ್ವನವರು
ಹಿತ್ತಲ ಬಾಗಲದಾಗ ನಿಂತು ಕೊಟ್ಟಿದ್ದರು,
ಎರಡನೇ ಅಂಕದ ಕಥಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು.

ಎರಡನೇ ಅಂಕ. ಈಗ ಆಕಿ ಸಾವಕಾರನ ಹೆಂಡತಿ.
ಮನಿಗೆ ಪಗಾರ ಕೇಳಾಕ ಬಂದ ನೇಕಾರನ
ಬೆರಳಿನ ಗಾಯಕ್ಕ ಅರಿಷಿಣ ಹಚ್ಚತಾಳ.
ಅಷ್ಟ. ಇನ್ನೂ ಬಾಗಲಾ ಮುಂದ ಮಾಡಿರಲಿಲ್ಲ.
ಮೊದಲು ಒಂದು ಕುರ್ಚಿ ಎದ್ದಿತು. ಆಮ್ಯಾಲೆ ಹಾರಿತು.
"ಮಾನಸ್ತರ ಮನಿ ಹೆಂಗಸರು ಹಿಂಗಿರತಾರೇನು?"
ಶಿಳ್ಳೆ ಹೊಡದ ಬಾಯಿನ ಅದು, ಗುರುತು ಹಿಡದೆ.
ನೇಕಾರರೂ ಇದ್ದರು ಅದರಾಗ, ಸುಳ್ಳ್ಯಾಕ ಹೇಳಲಿ.

ಜೈತುನಬಿ ಮಾತು ಮರತು ನನ್ನ ಕಡೆ ನೋಡಿದಳು.
ಮಾತು ನನ್ನ ಬೆರಳ ಕೆಳಗ ಇತ್ತು.
ಫೌಜದಾರ ಕೆಂಪು ಪೆನ್ಸಿಲ್ಲಿಲೆ ಅದರ ಮ್ಯಾಲೆ ಗೀರಿದ್ದ,
ಆದರೂ ಓದಾಕ ಬರತಿತ್ತು.
ನಾನು ಬ್ಯಾಟರಿ ಆರಿಸಿದೆ.

ಯಾರೋ ಫ್ಯೂಜು ಕಿತ್ತರು.
ಕತ್ತಲದಾಗ ಆಕಿ ದನಿ, ನನ್ನ ವಹ್ಯಾಗ ಎಲ್ಲೂ ಇಲ್ಲದ ಮಾತು:
"ಸೀರಿ ಅಷ್ಟ ಬದಲಸೇನ್ರಿ. ಮೈ ಅದ ಐತಿ."

ಮುರದ ಕುರ್ಚಿ ಏಳು. ಆಕಿ ಪಗಾರದಾಗ ಮುರಕೊಂಡರು.
ಲೆಕ್ಕ ಬರದಾಂವ ನಾನ.
ನಸುಕಿನ್ಯಾಗ ಜಮಖಂಡಿ ಬಸ್ಸು ಹತ್ತಿದಳು.
ಆಯೇರಿ ನೋಟು ಮಗಳ ಮುಷ್ಟ್ಯಾಗ,
ಪಿನ್ನು ಇನ್ನೂ ಬಿಚ್ಚಿರಲಿಲ್ಲ.

ಸೀರಿ ಮರಳಿ ಕೊಡಾಕ ಹಿತ್ತಲಿಗೆ ಹೋದೆ.
ಪೌಡರಿನ ವಾಸನಿ, ಬೀಡಿ ಹೊಗಿ, ಇನ್ನೊಬ್ಬಾಕಿ ಬೆವರು.
"ತೊಳಸಿ ತರತೇನ್ರಿ ಅಕ್ಕಾರ" ಅಂದೆ. "ಬ್ಯಾಡ."
ಮಡಚಿ ಬಗಲಾಗ ಹಿಡಕೊಂಡು ಕೇಳಿದರು:
"ಕತ್ತಲಾದ ಮ್ಯಾಲೆ ಏನೋ ಅಂದಳಂತಲ್ಲ, ಏನದು?"
ಒಳಗ ಸಾವಕಾರ್ರು ಕೆಮ್ಮಿದ ಸಪ್ಪಳ.
ನಾನು ಸಣ್ಣ ದನ್ಯಾಗ,
ಪರದೆ ಸಂದ್ಯಾಗಿಂದ ಹೇಳಿಕೊಡೋ ಹಂಗ,
ಹೇಳಿದೆ.

ಅವರು ತುಟಿ ಅಷ್ಟ ಅಲಗಿಸಿ
ಒಮ್ಮೆ ಅಂದು ನೋಡಿದರು.