ಹತ್ತಕ್ಕೆ ಹತ್ತು

ಎಂಟನೇ ನಿಮಿಷದ ಹದಿನಾಲ್ಕನೇ ಸೆಕೆಂಡಿಗೆ
ನಾನು ಸತ್ತೆ.
ಸತ್ತದ್ದು ತಕ್ಷಣ ಗೊತ್ತಾಗಲಿಲ್ಲ.
ಕೈಯಲ್ಲಿ ಆಲೂಗಡ್ಡೆ ಇತ್ತು, ಅರ್ಧ ಸುಲಿದದ್ದು,
ಕೆಟಲಿನ ನೀರು ಇನ್ನೇನು ಕುದಿಯುವುದರಲ್ಲಿತ್ತು,
ಮೊಮ್ಮಗ ಬ್ರೇಡನ್ ಮೇಜಿಗೆ ಮೊಣಕೈಯೂರಿ
ಹೋಂವರ್ಕಿನ ವಿಡಿಯೋ ನೋಡುತ್ತಿದ್ದ.

ಆ ದನಿ ನನಗೆ ಪರಿಚಯದ್ದೇ.
ಖುಷಿಯ ದನಿ, ಉಸಿರಿಗೂ ಪುರುಸೊತ್ತು ಕೊಡದ್ದು.
ಜ್ವಾಲಾಮುಖಿ, ಜಠರ, ಮಂಗೋಲರ ಕುದುರೆ, ಕಪ್ಪುಕುಳಿ
ಎಲ್ಲವನ್ನೂ ಹನ್ನೊಂದು ನಿಮಿಷಕ್ಕೆ ಕತ್ತರಿಸಿ
ತುತ್ತು ಮಾಡಿ ಬಾಯಿಗಿಡುವ ದನಿ.
ಎರಡು ಕೋಟಿ ಜನ ಅದರ ಹಿಂದೆ.
ಮಂಡಿನೋವಿನ ರಾತ್ರಿಗಳಲ್ಲಿ ನಾನೂ.

ಟಾಸ್ಮೇನಿಯಾದ ನಕ್ಷೆ ಬಂತು, ಹಸಿರು ಬಳಿದದ್ದು.
ಅದರ ಈಶಾನ್ಯಕ್ಕೆ, ನಾವು ಕೂತಿರುವ ಜಾಗದಲ್ಲಿ,
ಬರೀ ನೀಲಿ.
ಫ್ಲಿಂಡರ್ಸ್ ಇಲ್ಲ, ಕೇಪ್ ಬ್ಯಾರನ್ ಇಲ್ಲ,
ಅಮ್ಮನನ್ನು ಮಣ್ಣು ಮಾಡಿದ ದಿಬ್ಬ ಇಲ್ಲ.
ಅಲ್ಲೊಂದು ತಿಮಿಂಗಿಲ ನಗುತ್ತಿತ್ತು.
ಆಮೇಲೆ ಕಡ್ಡಿಯಂಥ ಬೊಂಬೆಗಳು,
ದೊಡ್ಡ ಕಣ್ಣು, ಬಾಯಿ ಬರೆದಿಲ್ಲ,
ಒಂದೊಂದೇ ಪುಸಕ್ಕೆಂದು ಮಾಯ.
"ಹೀಗೆ, ಅವರಲ್ಲಿ ಕೊನೆಯವಳೂ ತೀರಿಕೊಂಡಳು."
ಅರೆಕ್ಷಣ ಪಿಯಾನೋ.
ಅದೇ ಉಸಿರಿನಲ್ಲಿ
ಪಾಸ್‌ವರ್ಡ್ ಕಾಪಾಡುವ ಆಪಿನ ಜಾಹೀರಾತು,
ಮೊದಲ ತಿಂಗಳು ಬಿಟ್ಟಿ.

ಪ್ರಶ್ನೆ ಏಳು:
ಟಾಸ್ಮೇನಿಯಾದ ಮೂಲನಿವಾಸಿಗಳು ಅಳಿದುಹೋದದ್ದು ಯಾವಾಗ?
ನಾಲ್ಕು ಇಸವಿ, ನಾಲ್ಕು ಗುಂಡು ಬಿಲ್ಲೆ.
'ಯಾವುದೂ ಅಲ್ಲ' ಎಂಬ ಐದನೆಯದಿಲ್ಲ.
ಬ್ರೇಡನ್ ನನ್ನ ಮುಖ ನೋಡಿದ,
ಪರದೆ ನೋಡಿದ.
ಹತ್ತು ವರ್ಷದವನಿಗೆ ಲೋಕ ಗೊತ್ತು:
ಮೂರನೆಯದನ್ನು ಒತ್ತಿದ.
ಹತ್ತಕ್ಕೆ ಹತ್ತು!
ಪರದೆ ತುಂಬ ಬಣ್ಣದ ಕಾಗದ ಉದುರಿತು.

ಹೊಸ ಟೀಚರು ಒಳ್ಳೆಯ ಹುಡುಗಿ, ಮೆಲ್ಬರ್ನಿನವಳು,
ಪೂರ್ತಿ ನೋಡದೆ ಕಳಿಸಿರಬೇಕು.
ಅಂಕ ಹಾಕಿದ್ದು ಯಂತ್ರ.
ಯಾರ ಕೊರಳಪಟ್ಟಿ ಹಿಡಿಯಲಿ?
ದನಿಗೆ ಕೊರಳಿರುವುದೇ ಅನುಮಾನ.
ಕಾಗದ ಬರೆದೆ:
"ಸ್ವಾಮಿ, ನಾನು ಬದುಕಿದ್ದೇನೆ.
ತಂಗಿ ಬದುಕಿದ್ದಾಳೆ. ಅವಳಿಗೆ ಏಳು ಮಕ್ಕಳು.
ಪಕ್ಕದ ಮನೆಯವರೂ ನಮ್ಮವರೇ, ಗಟ್ಟಿಯಾಗಿ ಜಗಳವಾಡುತ್ತಾರೆ."
ಎರಡೇ ನಿಮಿಷದಲ್ಲಿ ಉತ್ತರ:
ನಿಮ್ಮ ಕುತೂಹಲಕ್ಕೆ ಧನ್ಯವಾದ! ಕಲಿಯುತ್ತಲೇ ಇರಿ!

ರಾತ್ರಿ ನಿದ್ದೆ ಹತ್ತಲಿಲ್ಲ. ಸಿಟ್ಟಿಗಲ್ಲ,
ಸಿಟ್ಟು ಆಲೂಗಡ್ಡೆಯ ಜೊತೆ ಬೆಂದುಹೋಗಿತ್ತು.
ನನಗೆ ಖಾತ್ರಿಯಿದ್ದ ಒಂದೇ ಸಂಗತಿಯಲ್ಲಿ ಅದು ಎಡವಿತು.
ಗೊತ್ತಿಲ್ಲದ ನೂರರಲ್ಲಿ?
ಅಲ್ಲೆಲ್ಲ ತಲೆದೂಗಿದವಳು ನಾನೇ ತಾನೆ?
ಹೋದ ಚಳಿಗಾಲ ವೈಟ್‌ಮಾರ್ಕಿನ ಅಂಗಡಿಯಲ್ಲಿ
ವಿಲ್ಮಾಳನ್ನು ತಡೆದು ನಿಲ್ಲಿಸಿ ಹೇಳಿದ್ದೆ,
ಎಲ್ಲೋ ದೂರದ ಒಂದು ದ್ವೀಪದವರು
ಇದ್ದಬದ್ದ ಮರವನ್ನೆಲ್ಲ ಕಡಿದು
ತಮ್ಮ ಗುಂಡಿ ತಾವೇ ತೋಡಿಕೊಂಡರು ಎಂದು.
ತೋಡಿಕೊಂಡರಂತೆ ಅನ್ನಲಿಲ್ಲ.
ತೋಡಿಕೊಂಡರು.
ಒಂದು 'ಅಂತೆ'ಗೆ ಎಷ್ಟು ಖರ್ಚಾಗುತ್ತಿತ್ತು?
ಅಲ್ಲೂ ಒಬ್ಬ ಮುದುಕಿ ಇದ್ದಾಳು,
ಕೈಯಲ್ಲಿ ಗೆಣಸು, ಅರ್ಧ ಸುಲಿದದ್ದು,
ನನ್ನ ಬಾಯಲ್ಲಿ ಸತ್ತವಳು.

ಎದ್ದು ದೀಪ ಹಾಕಿ ಚಿಪ್ಪಿನ ಡಬ್ಬಿ ತೆಗೆದೆ.
ಸರ ಇನ್ನೂ ಅರ್ಧಕ್ಕೆ ಬಂದಿಲ್ಲ, ಇದು ಎರಡನೇ ಬೇಸಿಗೆ.
ಅಮ್ಮ ಹೇಳುತ್ತಿದ್ದಳು: ಒಂದೊಂದನ್ನೂ ಬೆಳಕಿಗೆ ಹಿಡಿ,
ಬಿರುಕು ಕಂಡರೆ ಆಚೆಗಿಡು, ಎಷ್ಟೇ ಹೊಳೆಯಲಿ.
ಹನ್ನೊಂದು ಆರಿಸಿದೆ. ನಾಲ್ಕು ಆಚೆಗೆ.
ಸೂಜಿ ಬೆರಳಿಗೆ ಚುಚ್ಚಿತು,
ಸತ್ತವಳ ರಕ್ತ, ಸಾಕಷ್ಟು ಕೆಂಪಗೇ ಇತ್ತು.

ಫ್ರಿಜ್ಜಿನ ಬಾಗಿಲಿಗೆ ಅವನು ಅಂಟಿಸಿದ ಹಾಳೆ:
ಹತ್ತಕ್ಕೆ ಹತ್ತು, ನಗುವ ನಕ್ಷತ್ರ.
ಕೀಳಲಿಲ್ಲ. ಕಷ್ಟಪಟ್ಟು ತಗೊಂಡ ಅಂಕ.

ಐದು ಮುಕ್ಕಾಲಿಗೆ ಇಳಿತ.
ಕಿಟಕಿಯಾಚೆ ಪಾಚಿಯ ವಾಸನೆ.
ಹೊದಿಕೆ ಎಳೆದೆ:
ಏಳೋ, ಅಳಿದುಹೋದವನೇ,
ಬೂಟು ಹಾಕ್ಕೋ, ನೀರು ಇಳಿದಿದೆ.