ಹಾಗೂ ಇತರರು

ಮುನಿರಾಬಾದಿನಲ್ಲಿ ರೈಲು ಇಳಿಯುವಾಗಲೇ ಕಾಣುತ್ತದೆ:
ಗುಡ್ಡದ ನೆತ್ತಿಗೆ ನೆಟ್ಟ ಬಳಪದ ಕಡ್ಡಿಯ ಹಾಗೆ
ದೀಪಸ್ತಂಭ.
ಕಡಲು ಇಲ್ಲಿಂದ ಒಂದು ಇಡೀ ರಾತ್ರಿಯ ಬಸ್ಸು.
ಹಡಗು ನೋಡಿದವರು ಊರಲ್ಲಿ ಇಬ್ಬರೋ ಮೂವರೋ,
ಅದೂ ಕ್ಯಾಲೆಂಡರಿನಲ್ಲಿ.

"ಯಾರಿಗೆ ದಾರಿ ತೋರಸತೈತಿ ಇದು?"
ಪಂಪಕ್ಕ ಕೇಳಿದ್ದು ಮೊದಲ ಮೆಟ್ಟಿಲಲ್ಲೇ.
ನಾನು ಚಪ್ಪಲಿ ಸರಿಮಾಡಿಕೊಳ್ಳುವ ನೆವದಲ್ಲಿ ಬಗ್ಗಿದೆ.

ನೂರಾ ಹನ್ನೆರಡು ಮೆಟ್ಟಿಲು.
ಎಣಿಸಿದ್ದು ಅವಳು. ಓದು ಬಾರದು,
ಎಣಿಕೆ ಬರುತ್ತದೆ; ನಲವತ್ತು ವರ್ಷ
ಸಂತೆಯಲ್ಲಿ ಮೀನು ಮಾರಿದ ಕೈ.
ಇಪ್ಪತ್ತಕ್ಕೊಮ್ಮೆ ನಿಂತು
ಸೆರಗಿನ ಗಂಟಿನಿಂದ ಅಡಿಕೆ ಚೂರೊಂದು ಬಾಯಿಗೆ,
ಬಿಸಿಲಿಗೆ ಅಂಗೈ ಅಡ್ಡ,
ತಕ್ಕಡಿಯ ಮುಳ್ಳು ನೋಡುವಾಗಿನ ಅದೇ ಕಣ್ಣು.

ಏರಿದಷ್ಟೂ ಹಿನ್ನೀರು ಅಗಲವಾಯಿತು,
ಒಣಹಾಕಿದ ಸೀರೆಯನ್ನು ಆ ತುದಿಯಲ್ಲಿ ಯಾರೋ
ಇನ್ನಷ್ಟು ಎಳೆದು ಹಿಡಿದಂತೆ.
ಆಚೆ ಸಂಡೂರಿನ ಗುಡ್ಡಗಳು, ಅರ್ಧ ಹಸಿರು,
ಲಾರಿಗಳು ಕಚ್ಚಿದ ಕಡೆಯೆಲ್ಲ ಕೆಂಪು.
ಈಚೆ ಗೇಟುಗಳ ಸಾಲು.
ಸೇತುವೆಯ ಮೇಲೆ ಅದಿರಿನ ಗಾಡಿ
ಹೋಯಿತು, ಹೋಗುತ್ತಲೇ ಇತ್ತು.
ನೀರಿನ ನಡುವೆ ಬೆರಳು ಮಾಡಿ
"ಅಲ್ಲೆ ಎಲ್ಲೋ ನಮ್ಮವ್ವನ ತವರು" ಎಂದಳು.
ಒಂದು ಕಡುಬೇಸಿಗೆಯಲ್ಲಿ
ಬಾವಿಯ ಕಟ್ಟೆ ಮಾತ್ರ ಮೇಲೆ ಬಂದಿತ್ತಂತೆ,
ನೀರು ಸೇದುವವರಿಗಾಗಿ ಕಾದು, ಮತ್ತೆ ಒಳಗೆ ಹೋಯಿತಂತೆ.

ವಾಚ್‌ಮನ್ ಹುಸೇನಬಾಷಾ ಕುರ್ಚಿ ಬಿಟ್ಟುಕೊಟ್ಟ.
"ದೀಪ ತಿರುಗಂಗಿಲ್ರಿ. ಮೋಟರ್ ಸುಟ್ಟು ಹನ್ನೊಂದು ವರ್ಷ.
ಆಗಸ್ಟ್ ಹದಿನೈದಕ್ಕ ಸೀರಿಯಲ್ ಸೆಟ್ ಸುತ್ತತೀವಿ."
ಮತ್ತೆ ರಾತ್ರಿ ಪುಟ್ಟಿಯಲ್ಲಿ ಹೋಗುವವರು?
"ಅವರು ಕಬ್ಬಿಣದ ಫ್ಯಾಕ್ಟರಿ ಲೈಟ್ ನೋಡಿ ಬರತಾರ್ರಿ."

ಬುಡದ ಸುತ್ತ ಕರಿಕಲ್ಲು, ಕಲ್ಲಿನ ತುಂಬ ಹೆಸರು:
ಕಟ್ಟುವಾಗ ಸತ್ತವರು, ಹುದ್ದೆಯ ಪ್ರಕಾರ.
ಎಂಜಿನಿಯರರು ಕಣ್ಣಿನ ಎತ್ತರಕ್ಕೆ,
ಮೇಸ್ತ್ರಿಗಳು ಎದೆಯ ಎತ್ತರಕ್ಕೆ.
ಓದುತ್ತ ಓದುತ್ತ ನಾನು ಕುಕ್ಕರುಗಾಲಲ್ಲಿ ಕೂತೆ.

ಅವಳು ಬಂದದ್ದು ಅಪ್ಪನನ್ನು ನೋಡಲು.
ಗಾದಿಲಿಂಗ, ಬಂಡೆ ಸಿಡಿಸುವ ಗ್ಯಾಂಗು.
ಅವಳಿನ್ನೂ ಐದು ತಿಂಗಳ ಬಸಿರು.
ಆ ದಿನ ಅವನ ಬುತ್ತಿ ಗಂಟು ಬಿಚ್ಚದೆಯೇ ಮನೆಗೆ ಬಂತು;
ಸಂಜೆ, ಹೆಂಗಸರೆಲ್ಲ ಸುತ್ತ ಕೂತು ಬಲವಂತ ಮಾಡಿ
ಅವ್ವನಿಗೆ ಅದನ್ನೇ ಉಣ್ಣಿಸಿದರು.
"ಅಪ್ಪನ ಪಾಲಿನ ರೊಟ್ಟಿ ತಿಂದು ಹುಟ್ಟಿದಾಕಿ ನಾನು"
ಎನ್ನುತ್ತಾಳೆ, ಮೀನಿನ ರೇಟು ಹೇಳುವ ದನಿಯಲ್ಲಿ.

ಕೊನೆಯ ಸಾಲು ನೆಲಕ್ಕೆ ತಾಗಿಕೊಂಡಿತ್ತು.
ಇರುವೆಗಳು ಅದರ ಮೇಲೆ ಸಕ್ಕರೆ ಸಾಗಿಸುತ್ತಿದ್ದವು.
ಹಾಗೂ ಇತರರು.

"ಎಲ್ಲೈತಿ?"
ನನ್ನ ಬಾಯಿ ಒಣಗಿತು.
ಅವಳ ತೋರುಬೆರಳು ಹಿಡಿದು, ಇರುವೆ ಸರಿಸಿ,
ಆ ಕೊನೆಯ ಪದದ ಮೇಲಿಟ್ಟೆ.
ಬೆರಳು ನಿಧಾನ ನಡೆಯಿತು,
ಮೀನಿನ ಹೊಟ್ಟೆಯಲ್ಲಿ ಮುಳ್ಳು ಹುಡುಕುವ ಹಾಗೆ,
ಒಂದು, ಎರಡು, ಮೂರು, ನಾಕು.
ರೇಷನ್ ಕಾರ್ಡಿನಲ್ಲಿ ಮೊಮ್ಮಗಳು ತೋರಿಸಿಕೊಟ್ಟಿದ್ದಳು
ಅಪ್ಪನ ಹೆಸರಿಗೆ ಅಕ್ಷರ ಎಷ್ಟೆಂದು.
"ನಾಕು. ಲೆಕ್ಕ ಸರಿ ಐತಿ."

ಸೆರಗಿನ ಗಂಟು ಬಿಚ್ಚಿ
ಅರ್ಧ ರೊಟ್ಟಿ ಕಲ್ಲಿನ ಮುಂದಿಟ್ಟಳು.
ಹುಸೇನಬಾಷಾ ಅತ್ತ ತಿರುಗಿ ಕೆಮ್ಮಿದ;
ಇಲ್ಲಿ ತಿನಿಸು ನಿಷೇಧ ಎಂಬ ಬೋರ್ಡು ಅವನ ಬೆನ್ನ ಹಿಂದಿತ್ತು.

ಇಳಿಯುವಾಗ ಎಣಿಸಲಿಲ್ಲ ಪಂಪಕ್ಕ.
ನೀರು ತಾಮ್ರದ ಬಣ್ಣಕ್ಕೆ ತಿರುಗಿತ್ತು,
ಫ್ಯಾಕ್ಟರಿಯ ಲೈಟುಗಳು ಒಂದೊಂದೇ ಹೊತ್ತಿದವು,
ಎರಡು ಪುಟ್ಟಿಗಳು ಅತ್ತ ಮುಖ ಮಾಡಿದ್ದವು.
ಅರವತ್ತನೆಯದೋ ಎಪ್ಪತ್ತನೆಯದೋ ಮೆಟ್ಟಿಲಲ್ಲಿ
ನನ್ನ ಭುಜ ಹಿಡಿದು ನಿಂತು, ಮೇಲೆ ನೋಡದೆ, ಕೇಳಿದಳು:
"ಆ ನಾಕು ಅಕ್ಷರದಾಗ
ಇನ್ನ ಎಷ್ಟ ಮಂದಿ ಅದಾರವಾ?"

ಕೆಳಗೆ ಆಟೋದವನು ನೂರು ಎಂದ.
ಅವಳು ಅರವತ್ತಕ್ಕೆ ಇಳಿಸಿದಳು.