ಮೂಕ ಮನೆ

ಕುರಿ ಸಾಗಿಸುವ ಗಾಡಿಯಲ್ಲಿ, ಒಣಹುಲ್ಲಿನ ಮೇಲೆ ಅಂಗಾತ,
ಬ್ಲೈನೈ ಬೆಟ್ಟದಿಂದ ಇಳಿದು ಬಂತು ಈ ಕಾಲುತಿದಿಯ ಆರ್ಗನ್.
ಜೊತೆಗೆ ಡಿಲಿಸ್ ಪ್ಯೂ, ಎಂಬತ್ತೊಂದು,
ಮಳೆಕೋಟಿನ ಗುಂಡಿಗಳನ್ನು ಒಂದೊಂದು ಮನೆ ತಪ್ಪಿಸಿ ಹಾಕಿಕೊಂಡು.
"ಎಡದಿಂದ ಎಣಿಸು, ಇಪ್ಪತ್ತೊಂಬತ್ತನೆಯ ಮನೆ, ಬಿಳಿ.
ನನಗೆ ಏಳು ತುಂಬಿದಾಗಿನಿಂದ ಮೂಕ.
ಒಮ್ಮೆ ಅದರ ದನಿ ಕೇಳಬೇಕು."

ನೂರಮೂವತ್ತು ವರ್ಷದ ತಿರುಪುಗಳು ಸುಲಭಕ್ಕೆ ಬಾಯಿಬಿಡವು.
ಕಾದ ಕಬ್ಬಿಣ ಇಟ್ಟು, ಕಾದು, ಬೈದು, ಮತ್ತೆ ಕಾದು
ಹಿಂಬದಿಯ ಹಲಗೆ ಬಿಚ್ಚಿದರೆ ಇಲಿಗಳ ಹಳೇ ಸಂಸಾರ:
ಸ್ತೋತ್ರದ ಹಾಳೆಯ ಚೂರು, ಉಣ್ಣೆ, ಅರ್ಧ ಚೀಪಿದ ಪೆಪ್ಪರಮಿಂಟು.
ತಿದಿಯ ಬಟ್ಟೆ ಮುಟ್ಟಿದರೆ ಹಪ್ಪಳ.
ಒಳಗೋಡೆಯಲ್ಲಿ ಪೆನ್ಸಿಲ್ಲಿನ ನಾಲ್ಕು ಮಾತು,
ವರ್ಮಾಂಟಿನ ಯಾವನೋ ಬಡಗಿಯದು:
ಗುರುವಾರ. ಹಿಮ. ಬೆರಳು ಮರಗಟ್ಟಿವೆ. ಆಲ್ವಾ.
ಅದನ್ನು ಒರೆಸಲಿಲ್ಲ.

ಚರ್ಮದ ಅಂಟನ್ನು ಕುದಿಯಗೊಡದೆ ಕಾಯಿಸಬೇಕು.
ಮೂರು ದಿನ ಮನೆಯೆಲ್ಲ ಗೊರಸಿನ ವಾಸನೆ,
ನಮ್ಮವನು ತಟ್ಟೆ ಹಿಡಿದು ಹೊರಗೇ ಉಂಡ.

ನಾವು ಉಸಿರು ಬಿಟ್ಟು ಹಾಡುತ್ತೇವೆ.
ಇದು ಉಸಿರು ಎಳೆದುಕೊಂಡು ಹಾಡುತ್ತದೆ.
ಎದುರು ಕೂತವನ ಸುತ್ತಲ ಗಾಳಿಯನ್ನೇ,
ಕೋಟಿನ ಧೂಳು, ಗಂಜಿಯ ಆವಿ, ಕೆಮ್ಮಿನ ಕೊನೆ,
ಎಲ್ಲವನ್ನೂ ಸಂದಿಯಿಂದ ಒಳಗೆ ಕರೆದು.
ಹಾಗಾಗಿ ಪ್ರತಿ ಹಿತ್ತಾಳೆಯ ನಾಲಗೆಯ ಮೇಲೂ ಬೂದು ಹಿಟ್ಟು:
ಮಕ್ಕಳು ಅಕ್ಷರ ತಿದ್ದುವ ಸ್ಲೇಟಿನ ತಾಯಿಕಲ್ಲಿನದು.
ಡಿಲಿಸಳ ಅಪ್ಪ ಇಡ್ವಾಲ್ ಗಣಿಯಲ್ಲಿ ಅದನ್ನು ಸೀಳುವವನು.
ಎದೆಯಲ್ಲಿ ಅದನ್ನೇ ತುಂಬಿಕೊಂಡು ಸತ್ತವನು.

ಕೊಕ್ಕೆ ಹಾಕಿ ಒಂದೊಂದೇ ನಾಲಗೆ ಎಳೆದು, ಕುಂಚದಿಂದ ಉಜ್ಜಿ,
ಸಾಲಾಗಿ ಮೇಜಿನ ಮೇಲಿಟ್ಟೆ.
ಇಪ್ಪತ್ತೊಂಬತ್ತು ಮಾತ್ರ ಹಟ ಹಿಡಿಯಿತು.
ಬಂದಾಗ ಅಡಿಯಲ್ಲೊಂದು ಸ್ಲೇಟಿನ ಚಕ್ಕೆ,
ಉಗುರಿನಷ್ಟು, ಉಗುರಿಗಿಂತ ತೆಳುವು,
ಅಂಚು ಹೊಂದುವಂತೆ ಕೂರಿಸಿದ್ದು.
ಬಿದ್ದದ್ದಲ್ಲ. ಇಟ್ಟದ್ದು.

ಡಿಲಿಸ್ ಬಂದಾಗ ಬಿಲ್ಲಿನ ಜೊತೆ ಲಕೋಟೆಯಲ್ಲಿ ಅದನ್ನೂ ಕೊಟ್ಟೆ.
ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಇಷ್ಟು ತೆಳ್ಳಗೆ
ಸೀಳುತ್ತಿದ್ದವನು ಅವನೊಬ್ಬನೇ."
ಕೋಟಿನ ಗುಂಡಿಗಳನ್ನು ಬಿಚ್ಚಿ, ಮತ್ತೆ ತಪ್ಪಾಗಿಯೇ ಹಾಕಿಕೊಂಡಳು.
"ಕೊನೆಕೊನೆಗೆ ಅಪ್ಪನಿಗೆ ಒಂದು ಸ್ವರಕ್ಕಷ್ಟೇ ಉಸಿರು.
ಭಾನುವಾರ ಸಂಜೆ ಅಮ್ಮ ಬಾರಿಸುವಳು, ನಾವೆಲ್ಲ ಹಾಡುವೆವು.
ಈ ಮೂಕ ಮನೆ ಬಂದಾಗೆಲ್ಲ
ಗೋಡೆ ಪಕ್ಕದ ಕುರ್ಚಿಯಿಂದ ಅವನು ಅದನ್ನು ತುಂಬುವನು.
ನಾವು ಕಾಯುತ್ತಿದ್ದೆವು.
ರಿಪೇರಿಯವನನ್ನು ಕರೆಸೋಣವೆಂದರೆ ಬೇಡವೆನ್ನುತ್ತಿದ್ದ,
ಯಾಕೆ ದುಡ್ಡು ದಂಡ, ನಾನಿದ್ದೇನಲ್ಲ."

ಕೂತಳು. ತುಳಿದಳು. ಹೊಸ ತಿದಿ ಒಮ್ಮೆ ನಿಟ್ಟುಸಿರಿಟ್ಟು ಎದ್ದಿತು.
ಎರಡು ಸಾಲು ಸರಾಗ. ಮೂರನೆಯದರ ನಡುವೆ
ಅವಳ ಬೆರಳು ಇಪ್ಪತ್ತೊಂಬತ್ತಕ್ಕೆ ಬಂತು.
ದನಿ ಎದ್ದಿತು, ಶುದ್ಧ, ನಾನೇ ಕೂಡಿಸಿದ ಶ್ರುತಿ.
ಅದೇ ಗಳಿಗೆಗೆ ಅವಳ ಬಾಯೂ ತೆರೆದು
ಅದೇ ಸ್ವರ ಹಾಡಿತು, ಒಂದು ಎಳೆ ಕೆಳಗೆ.
ಎಪ್ಪತ್ತು ವರ್ಷದ ರೂಢಿ, ಕೇಳಿ ಹಾಡಿದ್ದಲ್ಲ.

ಎರಡು ದನಿ ಒಂದನ್ನೊಂದು ತಾಗಿದಾಗ ನಡುವೆ ಅಲೆ ಏಳುತ್ತದೆ.
ಅದನ್ನು ಎಣಿಸುವುದೇ ನನ್ನ ಕಸುಬು.
ಕಿವಿ ತನ್ನಷ್ಟಕ್ಕೆ ಎಣಿಸಿತು: ಸೆಕೆಂಡಿಗೆ ಮೂರು.
ಹಿತ್ತಾಳೆಯನ್ನು ಕೆರೆಯುವ ಅರ ಮೇಜಿನ ಮೇಲೇ ಇತ್ತು.
ಬುಡದಲ್ಲಿ ಎರಡು ಗೀರು ಸಾಕು,
ನಾಲಗೆ ಅವಳ ಮಟ್ಟಕ್ಕೆ ಇಳಿಯುತ್ತದೆ.

"ಬೇಕೇ?" ಎಂದು ಕೇಳಲು ಬಾಯಿ ತೆರೆದೆ.
ಅವಳು ಆಗಲೇ ನಾಲ್ಕನೆಯ ಸಾಲಿನಲ್ಲಿದ್ದಳು.